ಹೊಸ ಪೆಟ್ರೋಲ್ ಟ್ರಕ್ಕಿಗೆ ಕ್ಯಾಂಪರ್ ಕಟ್ಟುವ ಮೊದಲು

ಅಮೆರಿಕದಲ್ಲಿ ಫೋರ್ಡ್ ಎಫ್-250, ಷೆವರ್ಲೆ ಸಿಲ್ವರಾಡೊ 2500 ಥರದ ಹೆವಿ ಡ್ಯೂಟಿ ಟ್ರಕ್ಕನ್ನು ಪೆಟ್ರೋಲ್ ಎಂಜಿನ್‌ನಲ್ಲಿ ತಗೊಂಡವರಿಗೆಲ್ಲ ಒಂದೇ ಅನುಮಾನ: ಡೀಸೆಲ್ಲೇ ತಗೋಬೇಕಿತ್ತಾ? ಏಳೆಂಟು ಸಾವಿರ ಪೌಂಡಿನ ಕ್ಯಾಂಪರಿಗೆ, ಅಂದರೆ ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆಗೆ, ಪೆಟ್ರೋಲ್ ಧಾರಾಳವಾಗಿ ಸಾಕು. ಆದರೆ ಓಡಿಸುವ ರೀತಿ ಬೇರೆ, ಅದನ್ನು ಕಲಿಯಬೇಕು.

ಗಾಡಿ ಮನೆಗೆ ಬಂದ ವಾರವೇ ಕ್ಯಾಂಪರ್ ಸಿಕ್ಕಿಸಬೇಡಿ. ಮೊದಲ 1,000 ಮೈಲಿ ಏನನ್ನೂ ಎಳೆಯಬೇಡಿ ಅಂತ ಫೋರ್ಡ್ ಹೇಳುತ್ತದೆ. ಷೆವರ್ಲೆಯವರು 500 ಮೈಲಿ ಅನ್ನುತ್ತಾರೆ, ಆಮೇಲೂ ಎಳೆಯುವ ಮೊದಲ 500 ಮೈಲಿ ಗಂಟೆಗೆ 50 ಮೈಲಿ ದಾಟಬೇಡಿ ಅನ್ನುತ್ತಾರೆ. ಎಂಜಿನ್ ಜೊತೆಗೆ ಹಿಂದಿನ ಆಕ್ಸಲ್ ಒಳಗಿನ ಗೇರುಗಳೂ ಒಂದಕ್ಕೊಂದು ಹೊಂದಿಕೊಳ್ಳಬೇಕು, ಅದಕ್ಕೆ ಸಮಯ ಕೊಡಿ.

ಈಗ ತೂಕದ ಲೆಕ್ಕ. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವ ಎಳೆಯುವ ಸಾಮರ್ಥ್ಯವನ್ನು ಸ್ವಲ್ಪ ಪಕ್ಕಕ್ಕಿಡಿ. ಡ್ರೈವರ್ ಬಾಗಿಲು ತೆಗೆದರೆ ಹಳದಿ ಬಣ್ಣದ ಸ್ಟಿಕ್ಕರ್ ಕಾಣುತ್ತದೆ, ಪೇಲೋಡ್, ಅಂದರೆ ಟ್ರಕ್ಕು ತನ್ನ ಮೈಮೇಲೆ ಹೊರಬಹುದಾದ ಭಾರ, ಎಷ್ಟು ಅಂತ ಅದರಲ್ಲಿದೆ. ಕ್ಯಾಂಪರಿನ ಮೂತಿ ಹಿಚ್ (ಟ್ರಕ್ಕಿನ ಹಿಂದಿನ ಕೊಂಡಿ) ಮೇಲೆ ಒತ್ತುವ ಭಾರ ಒಟ್ಟು ತೂಕದ ಶೇ 10ರಿಂದ 15ರಷ್ಟಿರಬೇಕು. ಸಾಮಾನು ತುಂಬಿದ ಕ್ಯಾಂಪರ್ 8,000 ಪೌಂಡ್ ಇದ್ದರೆ ಸುಮಾರು 1,000 ಪೌಂಡ್ ಅಲ್ಲೇ ಹೋಯಿತು. ಅದರ ಮೇಲೆ ಮನೆಮಂದಿ, ಹಿಚ್, ಹಿಂದೆ ತುಂಬಿದ ಅಕ್ಕಿ ಚೀಲ, ಒಲೆ, ಸೈಕಲ್ಲು ಎಲ್ಲ ಸೇರಿ ಇನ್ನೊಂದು ಸಾವಿರ ಸಲೀಸಾಗಿ ಆಗುತ್ತದೆ. ಪೆಟ್ರೋಲ್ ಟ್ರಕ್ಕಿನ ನಿಜವಾದ ಲಾಭ ಇಲ್ಲೇ ಇರೋದು. ಡೀಸೆಲ್ ಎಂಜಿನ್ನೇ ನೂರಾರು ಪೌಂಡ್ ಜಾಸ್ತಿ ತೂಗುವುದರಿಂದ, ಅದೇ ಮಾಡೆಲ್ಲಿನಲ್ಲಿ ನೀವು ಹೊರಬಹುದಾದ ಭಾರ ಅಷ್ಟು ಕಡಿಮೆಯಾಗಿರುತ್ತದೆ. ಎಲ್ಲ ತುಂಬಿದ ಮೇಲೆ ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿನಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ಗಾಡಿ ತೂಗುವ ತಕ್ಕಡಿ ಮೇಲೆ ಒಮ್ಮೆ ನಿಲ್ಲಿಸಿ. ಅಂದಾಜು ಬೇಡ.

ಸಿಕ್ಕಿಸುವಾಗ ಚೈನುಗಳು ಕೊಂಡಿಯ ಕೆಳಗೆ ಅಡ್ಡಡ್ಡ ಹಾಯಬೇಕು. ಕ್ಯಾಂಪರ್ ಕಳಚಿಕೊಂಡರೆ ಅದರ ಬ್ರೇಕನ್ನು ತಾನೇ ಹಾಕುವ ಬ್ರೇಕ್‌ಅವೇ ವೈರನ್ನು ಮಾತ್ರ ಆ ಚೈನಿಗೆ ಕಟ್ಟಬೇಡಿ, ಟ್ರಕ್ಕಿಗೇ ಬೇರೆಯಾಗಿ ಕಟ್ಟಿ. ಖಾಲಿ ಪಾರ್ಕಿಂಗ್ ಜಾಗದಲ್ಲಿ ನಿಧಾನವಾಗಿ ಹೋಗುತ್ತಾ, ಟ್ರಕ್ಕಿನೊಳಗಿಂದಲೇ ಕ್ಯಾಂಪರಿನ ಬ್ರೇಕ್ ಹಾಕುವ ಬ್ರೇಕ್ ಕಂಟ್ರೋಲರ್ ಒತ್ತಿ ನೋಡಿ, ಕ್ಯಾಂಪರ್ ಹಿಂದಕ್ಕೆ ಜಗ್ಗಿದ್ದು ಗೊತ್ತಾಗಬೇಕು, ಆದರೆ ಚಕ್ರ ಜಾರಬಾರದು.

ಏರು ಬಂದಾಗ ಟೋ-ಹಾಲ್ ಮೋಡ್ (ಭಾರ ಎಳೆಯುವಾಗ ಗೇರು ಬದಲಾಗುವ ರೀತಿಯನ್ನು ಹೊಂದಿಸುವ ಬಟನ್) ಹಾಕಿ, ಎಂಜಿನ್ ಕೂಗಲಿ ಬಿಡಿ. ಫೋರ್ಡಿನ 7.3 ಲೀಟರ್ ವಿ8 430 ಅಶ್ವಶಕ್ತಿ ಕೊಡುತ್ತದೆ, ಆದರೆ ಅದಕ್ಕೆ 5,500 ಆರ್‌ಪಿಎಂ ಬೇಕು. ಹಾಗಾಗಿ ದಿಬ್ಬದಲ್ಲಿ 4,000 ದಾಟಿದರೆ ಗಾಬರಿ ಬೇಡ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ಇದರಂತೆ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೊದ ಐಸೆನ್‌ಹೋವರ್ ಸುರಂಗ 11,000 ಅಡಿ ಮೇಲಿದೆ, ಅಂದರೆ ಅಲ್ಲಿ ಎಂಜಿನ್ ಶಕ್ತಿಯಲ್ಲಿ ಮೂರನೇ ಒಂದು ಭಾಗ ಹೋಗಿಬಿಟ್ಟಿರುತ್ತದೆ. ಬಲಗಡೆಯ ಲೇನ್ ಹಿಡಿದು ಲಾರಿಗಳ ಹಿಂದೆ ಸಮಾಧಾನವಾಗಿ ಹತ್ತಿ. ಆ ರಾಜ್ಯದಲ್ಲಿ ಪಂಪಿನ ಮೇಲೆ 85 ಆಕ್ಟೇನ್ ಅಂತ ಅಗ್ಗದ ಪೆಟ್ರೋಲ್ ಕಾಣುತ್ತದೆ, ಅದನ್ನು ಹಾಕಿಸಬೇಡಿ, 87 ಇರಲೇಬೇಕು.

ನನ್ನ ಪ್ರಕಾರ ಹತ್ತುವುದಕ್ಕಿಂತ ಇಳಿಯುವುದಕ್ಕೇ ಹೆಚ್ಚು ಎಚ್ಚರ ಬೇಕು. ಹೊಗೆ ಹೊರಹೋಗುವುದನ್ನು ತಡೆದು ಗಾಡಿ ನಿಧಾನ ಮಾಡುವ, ಡೀಸೆಲ್ಲಿಗೆ ಇರುವ ಎಕ್ಸಾಸ್ಟ್ ಬ್ರೇಕ್ ನಿಮ್ಮಲ್ಲಿಲ್ಲ. ಇಳಿಜಾರು ಶುರುವಾಗುವ ಮುಂಚೆಯೇ ವೇಗ ಇಳಿಸಿ, ಕೆಳಗಿನ ಗೇರಿಗೆ ತಂದು ಎಂಜಿನ್ನೇ ಗಾಡಿ ತಡೆಯುವಂತೆ ಮಾಡಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿಯುವುದನ್ನೇ ಬಿಡುತ್ತದೆ. ಗಟ್ಟಿಯಾಗಿ ಒಮ್ಮೆ ಒತ್ತಿ, ವೇಗ ಇಳಿಸಿ, ಬಿಡಿ. ಕ್ಯಾಂಪರ್ ಅತ್ತಿತ್ತ ತೂಗಲು ಶುರು ಮಾಡಿದರೆ ಟ್ರಕ್ಕಿನ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಕಂಟ್ರೋಲರಿನಿಂದ ಕ್ಯಾಂಪರಿನ ಬ್ರೇಕ್ ಮಾತ್ರ ಒತ್ತಿ.

ಮೊದಲ ಪಯಣ ಹತ್ತಿರದಲ್ಲೇ, ಸಪಾಟು ರಸ್ತೆಯಲ್ಲಿ ಇರಲಿ. ಕ್ಯಾಂಪರೂ ಹೊಸದಾದರೆ ಐವತ್ತು ಮೈಲಿ ಆದಮೇಲೆ ನಿಲ್ಲಿಸಿ, ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಪಾನಾ) ಮತ್ತೆ ಬಿಗಿ ಮಾಡಿ.