ಗೋಲಾಗುವ 15 ಸೆಕೆಂಡ್ ಮೊದಲು

ನಮ್ಮ ಫುಟ್‌ಬಾಲ್ ತಂಡ ಆರು ಪಂದ್ಯದಲ್ಲಿ 13 ಗೋಲು ಬಿಟ್ಟುಕೊಟ್ಟಿತ್ತು. ಎಲ್ಲರ ಸಿಟ್ಟೂ ಬಲಗಡೆಯ ಸೆಂಟರ್ ಬ್ಯಾಕ್ ಮೇಲೆ, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಇಬ್ಬರು ಡಿಫೆಂಡರ್‌ಗಳಲ್ಲಿ ಒಬ್ಬನ ಮೇಲೆ. ಗೋಲಾದಾಗಲೆಲ್ಲ ಎದುರಾಳಿ ಸ್ಟ್ರೈಕರ್ ಹಿಂದೆ ಓಡುತ್ತಿದ್ದವನು ಅವನೇ. ಆಗ ನಾನು ತಂಡದ ಸಹಾಯಕ ಕೋಚ್. ನೋಟ್‌ಬುಕ್‌ನಲ್ಲಿ ಅವನ ಹೆಸರಿನ ಮುಂದೆ 'ನಿಧಾನ' ಅಂತ ನಾನೂ ಬರೆದಿದ್ದೆ.

ಅವನನ್ನು ಬದಲಾಯಿಸೋಣ ಅಂತ ಮಾತು ಬಂದಾಗ, ಒಮ್ಮೆ ಎಲ್ಲ ಗೋಲುಗಳನ್ನೂ ಕೂತು ನೋಡಿಬಿಡೋಣ ಅನ್ನಿಸಿತು. ಮೊದಲ ತೊಂದರೆ ವಿಡಿಯೊದ್ದೇ. ಮೈದಾನದ ಅಂಚಿನಲ್ಲಿ ನಿಂತು ಮೊಬೈಲಿನಲ್ಲಿ ತೆಗೆದದ್ದು. ಚೆಂಡು ಚೆನ್ನಾಗಿ ಕಾಣುತ್ತದೆ, ಆದರೆ ಆಟಗಾರರ ನಡುವಿನ ಅಂತರ ಗೊತ್ತೇ ಆಗಲ್ಲ. ಗೋಲಿನ ಹಿಂದಿನ ಎತ್ತರದ ಜಾಗದಿಂದ ತೆಗೆದದ್ದು ಎರಡು ಪಂದ್ಯ ಮಾತ್ರ. ನಿಜವಾಗಿ ಕಣ್ಣು ತೆರೆಸಿದ್ದು ಆ ಎರಡೇ.

ನಾನು ಮಾಡಿಕೊಂಡ ನಿಯಮ ಒಂದೇ. ಗೋಲಾದ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ, 15 ಸೆಕೆಂಡ್ ಹಿಂದಕ್ಕೆ ಹೋಗುವುದು. ಆಮೇಲೆ ಚೆಂಡನ್ನು ನೋಡಬಾರದು. ಇದು ಹೇಳಿದಷ್ಟು ಸುಲಭ ಅಲ್ಲ, ಕಣ್ಣು ತಾನಾಗಿಯೇ ಚೆಂಡಿನ ಹಿಂದೆ ಹೋಗುತ್ತದೆ. ಒಂದೊಂದು ಸಲಕ್ಕೆ ಒಬ್ಬೊಬ್ಬನನ್ನೇ ನೋಡುತ್ತಾ, ಒಂದೇ ತುಣುಕನ್ನು ಐದಾರು ಸಲ ಓಡಿಸಿದೆ.

ಕಾರ್ನರ್‌ನಿಂದ ಬಂದ ಮೂರು, ಪೆನಾಲ್ಟಿ ಒಂದು, ಇವನ್ನು ಪಕ್ಕಕ್ಕಿಟ್ಟೆ. ಉಳಿದ ಒಂಬತ್ತರಲ್ಲಿ ಆರು ಗೋಲು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಬಂದಿದ್ದವು. ನಮ್ಮ ರೈಟ್ ಬ್ಯಾಕ್, ಅಂದರೆ ಬಲ ಅಂಚಿನ ಡಿಫೆಂಡರ್, ದಾಳಿಗೆ ಮುಂದೆ ಹೋಗಿರುತ್ತಾನೆ. ನಡುವೆ ಚೆಂಡು ಕೈತಪ್ಪುತ್ತದೆ. ಅವನ ಹಿಂದೆ ಖಾಲಿಯಾದ ಜಾಗಕ್ಕೆ ಎದುರಾಳಿಯ ಉದ್ದ ಪಾಸ್. ಅದನ್ನು ತಡೆಯಲು ನಮ್ಮ ಸೆಂಟರ್ ಬ್ಯಾಕ್ ಅಂಚಿನ ಗೆರೆಯವರೆಗೂ ಓಡಬೇಕು. ಅಷ್ಟರಲ್ಲಿ ಇಬ್ಬರು ಸೆಂಟರ್ ಬ್ಯಾಕ್‌ಗಳ ನಡುವೆ ಬಾಗಿಲು ತೆರೆದಂತಾಗಿ ಸ್ಟ್ರೈಕರ್ ಆರಾಮಾಗಿ ಒಳಗೆ ಬರುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಅಲ್ವಾ? ನಾವು ಮಾಡುತ್ತಿದ್ದದ್ದೂ ಅದೇ.

2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿ ಬ್ರೆಜಿಲ್‌ಗೆ 7-1ರಲ್ಲಿ ಹೊಡೆದದ್ದು ನೆನಪಿರಬಹುದು. 23ನೇ ನಿಮಿಷದಿಂದ 29ರೊಳಗೆ ನಾಲ್ಕು ಗೋಲು. ಬೈಗುಳ ಜಾಸ್ತಿ ಬಿದ್ದದ್ದು ಬ್ರೆಜಿಲ್‌ನ ಸೆಂಟರ್ ಬ್ಯಾಕ್ ಡೇವಿಡ್ ಲೂಯಿಜ್‌ಗೆ. ಅವನ ತಪ್ಪು ಇರಲಿಲ್ಲ ಅಂತಲ್ಲ. ಆದರೆ ಜರ್ಮನಿಯ ಟೋನಿ ಕ್ರೂಸ್‌ನ ಎರಡನೇ ಗೋಲು ನೋಡಿ. ನಡುಮೈದಾನದಲ್ಲಿ ಬ್ರೆಜಿಲ್‌ನ ಫರ್ನಾಂಡಿನ್ಯೊ ಕಾಲಿಂದ ಚೆಂಡು ಕಸಿದು, ತನ್ನ ತಂಡದ ಖೆದಿರಾ ಜೊತೆ ಒಂದು ಪಾಸ್ ಕೊಟ್ಟು ತಗೊಂಡು ಮುಗಿಸಿಬಿಟ್ಟ. ಹಿಂದೆ ಇದ್ದವರಿಗೆ ತಿರುಗಿ ನಿಲ್ಲಲೂ ಸಮಯ ಸಿಗಲಿಲ್ಲ.

ಇನ್ನೊಂದು ವಿಷಯವೂ ಸಿಕ್ಕಿತು. ನಮ್ಮ ಡಿಫೆನ್ಸ್ ಸಾಲು ತುಂಬಾ ಮುಂದೆ ನಿಲ್ಲುತ್ತಿತ್ತು. ಅದೇ ತಪ್ಪಲ್ಲ. 2022ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ಹಾಗೇ ನಿಂತು, ಮೊದಲಾರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡ್ (ಪಾಸ್ ಬರುವ ಮೊದಲೇ ಡಿಫೆನ್ಸ್ ಸಾಲು ದಾಟಿ ನಿಂತ ತಪ್ಪು) ಆಗಿ ರದ್ದಾಗುವಂತೆ ಮಾಡಿ 2-1ರಲ್ಲಿ ಗೆದ್ದಿತ್ತು. ಆದರೆ ಹಾಗೆ ನಿಲ್ಲಬೇಕಾದರೆ, ಪಾಸ್ ಕೊಡುವ ಎದುರಾಳಿಯ ಮೇಲೆ ನಮ್ಮವರು ಯಾರಾದರೂ ಮುಗಿಬೀಳಬೇಕು. ಅವನು ತಲೆ ಎತ್ತಿ ನೋಡುವಷ್ಟು ಸಮಯ ಸಿಕ್ಕಿದರೆ, ಸಾಲು ಕೂಡಲೇ ಹಿಂದಕ್ಕೆ ಸರಿಯಬೇಕು. ನಮ್ಮಲ್ಲಿ ಮಿಡ್‌ಫೀಲ್ಡರ್‌ಗಳು ಚೆಂಡು ಹೋದ ತಕ್ಷಣ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು, ಹಿಂದಿನ ನಾಲ್ವರು ಮಾತ್ರ ಮುಂದೆಯೇ ನಿಂತಿರುತ್ತಿದ್ದರು.

ಇದನ್ನೆಲ್ಲ ತಂಡಕ್ಕೆ ಹೇಳುವಾಗ ನಾನು ಎಡವಿದೆ. ಹುರುಪಿನಲ್ಲಿ 40 ನಿಮಿಷ ವಿಡಿಯೊ ತೋರಿಸಿದೆ. ಅರ್ಧ ಜನ ಆಕಳಿಸುತ್ತಿದ್ದರು. ರೈಟ್ ಬ್ಯಾಕ್ ಮುಖ ಕೆಂಪಾಗಿತ್ತು. ಮಾರನೇ ದಿನ ಅವನೊಬ್ಬನನ್ನೇ ಕೂರಿಸಿಕೊಂಡು ಐದು ತುಣುಕು ತೋರಿಸಿದೆ. "ಮುಂದೆ ಹೋಗಬೇಡ ಅಂತಲ್ಲ ಕಣೋ, ನೀನು ಹೋದಾಗ ನಿನ್ನ ಜಾಗದಲ್ಲಿ ಯಾರು ನಿಲ್ಲಬೇಕು?" ಅಂತ ಕೇಳಿದೆ. "ಸರ್, ಅದನ್ನ ನೀವು ಯಾವತ್ತೂ ಹೇಳೇ ಇಲ್ವಲ್ಲ" ಅಂದ. ಹೌದು, ಹೇಳಿರಲಿಲ್ಲ.

ಮಾಡಿದ ಬದಲಾವಣೆ ಚಿಕ್ಕದು. ರೈಟ್ ಬ್ಯಾಕ್ ಮುಂದೆ ಹೋದರೆ ಲೆಫ್ಟ್ ಬ್ಯಾಕ್ ಹೋಗುವ ಹಾಗಿಲ್ಲ, ಅವನು ಒಳಗೆ ಸರಿದು ಸೆಂಟರ್ ಬ್ಯಾಕ್‌ಗಳ ಪಕ್ಕ ನಿಲ್ಲಬೇಕು. ಹಿಂದೆ ಯಾವಾಗಲೂ ಮೂವರು. ಡಿಫೆನ್ಸಿವ್ ಮಿಡ್‌ಫೀಲ್ಡರ್ ಬಲಗಡೆಯ ಖಾಲಿ ಜಾಗದ ಹತ್ತಿರ ಇರಬೇಕು. ಚೆಂಡು ಹೋದರೆ ಹತ್ತಿರ ಇದ್ದವನು ಕೂಡಲೇ ಮೇಲೆ ಬೀಳಬೇಕು, ಕಸಿಯದಿದ್ದರೂ ಪರವಾಗಿಲ್ಲ, ತಲೆ ಎತ್ತಲು ಬಿಡಬಾರದು. ಮೂರು ವಾರ ಬರೀ ಇದನ್ನೇ ಅಭ್ಯಾಸ ಮಾಡಿದೆವು. ಹುಡುಗರಿಗೆ ಬೇಜಾರು ಬಂದಿತ್ತು, ನನಗೂ.

ಆ ಸೆಂಟರ್ ಬ್ಯಾಕ್ ತಪ್ಪೇ ಇಲ್ಲದವನು ಅಂತಲೂ ಹೇಳಲಾರೆ. ಎರಡು ಗೋಲಿನಲ್ಲಿ ತಪ್ಪು ಅವನದ್ದೇ. ಚೆಂಡನ್ನೇ ನೋಡುತ್ತಾ ಎದೆ ಪೂರ್ತಿ ಮುಂದಕ್ಕೆ ಕೊಟ್ಟು ನಿಂತಿದ್ದ. ಅರ್ಧ ಪಕ್ಕಕ್ಕೆ ತಿರುಗಿ, ಚೆಂಡೂ ಸ್ಟ್ರೈಕರೂ ಇಬ್ಬರೂ ಕಣ್ಣಿಗೆ ಬೀಳುವ ಹಾಗೆ ನಿಂತಿದ್ದರೆ ಒಂದು ಹೆಜ್ಜೆ ಉಳಿಯುತ್ತಿತ್ತು. ಅವನ ಓಟದ ವೇಗ ಸರಿಯಾಗೇ ಇದೆ, ತಿರುಗುವುದು ತಡ. ನೋಟ್‌ಬುಕ್‌ನಲ್ಲಿ 'ನಿಧಾನ' ಹೊಡೆದುಹಾಕಿ 'ನಿಲ್ಲುವ ಭಂಗಿ' ಅಂತ ಬರೆದೆ.

ಬಲಗಡೆಯ ಆ ದಾರಿ ಈಗ ಬಹುಪಾಲು ಮುಚ್ಚಿದೆ. ಕಾರ್ನರ್‌ನಲ್ಲಿ ದೂರದ ಕಂಬದ ಹತ್ತಿರ ಇನ್ನೂ ಒಬ್ಬ ಖಾಲಿ ಸಿಗುತ್ತಲೇ ಇದ್ದಾನೆ. ಪಕ್ಕಕ್ಕಿಟ್ಟಿದ್ದ ಆ ಮೂರು ತುಣುಕುಗಳನ್ನು ಈಗ ತೆಗೆದಿದ್ದೇನೆ.