ಬರ್ಬನ್‌ಗೆ ಎರಡನೆಯ ಮರ: ಜಾಡಿಯಲ್ಲಿ ಕಲಿತದ್ದು

ಕಳೆದ ಫೆಬ್ರುವರಿಯ ಒಂದು ಶನಿವಾರ, ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನ ನಮ್ಮ ಮನೆಯಲ್ಲಿ ಏಳು ಜನರನ್ನು ಕೂರಿಸಿ ಪ್ರತಿಯೊಬ್ಬರ ಮುಂದೆ ಮೂರು ಲೋಟಗಳನ್ನಿಟ್ಟೆ. ಒಂದರಲ್ಲಿ ಅಂಗಡಿಯಿಂದ ತಂದ ಬರ್ಬನ್ (ಮುಖ್ಯವಾಗಿ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ) ಇದ್ದಂತೆಯೇ ಇತ್ತು. ಇನ್ನೊಂದರಲ್ಲಿ ಅದೇ ಬರ್ಬನ್, ಆದರೆ ನನ್ನ ಓಕ್ ಕಡ್ಡಿಗಳ ಜೊತೆ ಐದು ವಾರ ಕಳೆದದ್ದು. ಮೂರನೆಯದು ಎರಡು ಪೀಪಾಯಿಗಳಲ್ಲಿ ಮಾಗಿ ಬಂದ, ಅರವತ್ತು ಡಾಲರಿನ ಹೆಸರಾಂತ ಬಾಟಲಿಯದು. ಯಾವುದು ಯಾವುದೆಂದು ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ಏಳರಲ್ಲಿ ಐದು ಜನ ನನ್ನ ಲೋಟವನ್ನೇ ಮೇಲೆಂದರು. ಆ ಐವರಲ್ಲಿ, "ಜಾಡಿಗೆ ಕಟ್ಟಿಗೆ ಹಾಕಿದರೆ ಪೀಪಾಯಿ ಆಗುವುದಿಲ್ಲ ಮಾರಾಯರೆ" ಎಂದು ನಾಲ್ಕು ವರ್ಷದಿಂದ ಹೇಳುತ್ತ ಬಂದಿದ್ದ ಮಂಗಳೂರಿನ ಗೆಳೆಯರೂ ಇದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ಮನೆಯಲ್ಲಿ ಭಟ್ಟಿ ಇಳಿಸುವ ವಿಚಾರವಲ್ಲ. ಅದು ಇಲ್ಲಿ ಅಪರಾಧ. ತೆರಿಗೆ ಕಟ್ಟಿದ ಬಾಟಲಿಯನ್ನು ಕೊಂಡು, ಸ್ವಂತಕ್ಕೆ ಮಾತ್ರ ಅದಕ್ಕೆ ಎರಡನೆಯ ಮರದ ರುಚಿ ಕೊಡುವ ಕೆಲಸ. ಕಡ್ಡಿ, ಜಾಡಿ, ಪ್ರೂಫ್ (ಮದ್ಯಸಾರದ ಪ್ರಮಾಣ) ಇವೆಲ್ಲ ಗೊತ್ತಿರುವವರಿಗಾಗಿ ಬರೆಯುತ್ತಿರುವುದರಿಂದ ನೇರವಾಗಿ ಸೋಲಿಗೇ ಬರುತ್ತೇನೆ.

ಮೊದಲ ಸೋಲು 2018ರದು. ಮರಗೆಲಸ ನನ್ನ ಹಳೆಯ ಹವ್ಯಾಸ. ಓಕ್ ಎಂದರೆ ಓಕ್ ಎಂದುಕೊಂಡು, ಪೀಠೋಪಕರಣಕ್ಕೆಂದು ತಂದಿದ್ದ ಬಿಳಿ ಓಕ್ ಹಲಗೆಯನ್ನೇ ಸೀಳಿ, ಸುಟ್ಟು, ಜಾಡಿಗೆ ಹಾಕಿದೆ. ಅದು ಕಿಲ್ನ್ ಎಂಬ ಬಿಸಿಗೂಡಿನಲ್ಲಿ ಕೆಲವೇ ವಾರಗಳಲ್ಲಿ ಒಣಗಿಸಿದ ಮರ. ಮೂರು ವಾರಕ್ಕೆ ರುಚಿ ನೋಡಿದರೆ ನಾಲಿಗೆಯೇ ಮಡಚಿಕೊಂಡಿತು. ನಾನು ತೀರ್ಥಹಳ್ಳಿ ಕಡೆಯವನು. ಅಡಿಕೆ ಬೇಯಿಸಿದ ಹಂಡೆಯ ಚೊಗರಿನಲ್ಲಿ ಬೆರಳದ್ದಿ ನೆಕ್ಕಿದ ಬಾಲ್ಯ ಇನ್ನೂ ಬಾಯಲ್ಲಿದೆ. ಅದೇ ಒಗರು! ನಾಲ್ಕು ಬಾಟಲಿ, ಸುಮಾರು ನೂರು ಡಾಲರ್, ಬಚ್ಚಲಿಗೆ ಹೋಯಿತು.

ಮುಂದಿನ ವರ್ಷ ಐದು ಲೀಟರಿನ ಪುಟ್ಟ ಪೀಪಾಯಿ ಕೊಂಡೆ. ಅದಕ್ಕೆ ನೂರಿಪ್ಪತ್ತು ಡಾಲರ್, ತುಂಬಿಸಿದ ಬರ್ಬನ್‌ಗೆ ಇನ್ನೂ ಅಷ್ಟು. ಡಿಸ್ಟಿಲರಿಗಳ ಪೀಪಾಯಿ 53 ಗ್ಯಾಲನ್, ಎಂದರೆ 200 ಲೀಟರ್. ಲೆಕ್ಕ ಹಾಕಿ ನೋಡಿ: ಐದು ಲೀಟರಿನ ಪೀಪಾಯಿಯಲ್ಲಿ ಪ್ರತಿ ಲೀಟರಿಗೆ ತಗಲುವ ಮರ ಹೆಚ್ಚುಕಡಿಮೆ ಮೂರೂವರೆ ಪಟ್ಟು ಜಾಸ್ತಿ. ಬಣ್ಣ ಹತ್ತೇ ದಿನಕ್ಕೆ ಕಾಫಿ ಡಿಕಾಕ್ಷನ್ನಿನಂತಾಯಿತು. ಎರಡು ತಿಂಗಳಿಗೆ ಮುಕ್ಕಾಲು ಲೀಟರ್ ಆವಿಯಾಗಿ, ಉಳಿದದ್ದು ಕಷಾಯವಾಗಿ ನಿಂತಿತು. ಮರವೇನೋ ಇಳಿದಿತ್ತು, ವಯಸ್ಸು ಮಾತ್ರ ಬಂದಿರಲಿಲ್ಲ. ಈ ಎರಡರ ವ್ಯತ್ಯಾಸ ಅಂದು ಗೊತ್ತಾಗಿದ್ದರೆ ಇನ್ನೂ ಎರಡು ವರ್ಷ ಉಳಿಯುತ್ತಿತ್ತು.

ಮೂರನೆಯ ಸೋಲಿಗೆ ಕಾರಣ ನನ್ನ ಊರಿನ ಹೆಮ್ಮೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರು ಸ್ಕಾಟ್ಲೆಂಡಿನವರಿಗಿಂತ ಎಷ್ಟೋ ಬೇಗ ವಿಸ್ಕಿ ಮಾಗಿಸುತ್ತಾರೆ, ಅಲ್ಲಿನ ಬಿಸಿಲೇ ಅದಕ್ಕೆ ಕಾರಣ. ಹಾಗಾದರೆ ಬಿಸಿಯೇ ಗುಟ್ಟು ಎಂದು ತೀರ್ಮಾನಿಸಿ ಜುಲೈ ತಿಂಗಳಿಡೀ ಜಾಡಿಗಳನ್ನು ಗ್ಯಾರೇಜಿನ ಅಟ್ಟದಲ್ಲಿಟ್ಟೆ. ಮತ್ತೆ ಒಗರು, ಜೊತೆಗೆ ಹಸಿ ಹಲಗೆಯ ಘಾಟು. ಅಮೃತ್‌ನವರು ಬಳಸುವ ಪೀಪಾಯಿಗಳಲ್ಲಿ ಬಹುಪಾಲು ಆಗಲೇ ಬರ್ಬನ್ ಕುಡಿದು ತಣಿದವು ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಳೆಯ ಮರಕ್ಕೆ ಬಿಸಿ ಒಳ್ಳೆಯದು. ಹೊಸ ಮರ ಬಿಸಿಯಲ್ಲಿ ತನ್ನ ಕೆಟ್ಟದ್ದನ್ನೇ ಮೊದಲು ಕಕ್ಕುತ್ತದೆ.

ಕಣ್ಣು ತೆರೆಸಿದ್ದು ಮೇಕರ್ಸ್ ಮಾರ್ಕ್ ಬರ್ಬನ್ ತಯಾರಾಗುವ ಲೊರೆಟ್ಟೊ ಊರು. ಮೇಕರ್ಸ್ ಮಾರ್ಕ್‌ನವರು 2010ರಲ್ಲಿ ತಂದ '46' ಎಂಬ ಬರ್ಬನ್ ನಿಮಗೆ ಗೊತ್ತೇ ಇದೆ: ಮಾಗಿದ ಬರ್ಬನ್ನಿನ ಪೀಪಾಯಿಯೊಳಗೆ ಹುರಿದ ಫ್ರೆಂಚ್ ಓಕ್‌ನ ಹತ್ತು ಹಲಗೆಗಳನ್ನು ಇಳಿಸಿ ಸುಮಾರು ಒಂಬತ್ತು ವಾರ ಬಿಡುತ್ತಾರೆ. ಅವರ ಸುಣ್ಣಕಲ್ಲಿನ ನೆಲಮಾಳಿಗೆಯೊಳಗೆ ಕಾಲಿಟ್ಟ ಕೂಡಲೇ ಮೈಗೆ ಚಳಿ ತಾಗಿತು. ಬೇಸಿಗೆಯ ದಿನ ಅದು. ಹೊರಗೆ ಬೆವರು, ಒಳಗೆ ಹತ್ತು ಡಿಗ್ರಿಯ ಆಸುಪಾಸು. ತಣ್ಣಗಿದ್ದರೆ ಮರದ ಸಿಹಿ ಇಳಿಯುತ್ತದೆ, ಕಹಿ ಒಳಗೇ ಉಳಿಯುತ್ತದೆ. ಅಂದಿನಿಂದ ನನ್ನ ಕೆಲಸವೆಲ್ಲ ಡಿಸೆಂಬರಿನಿಂದ ಮಾರ್ಚಿನವರೆಗೆ, ನಮ್ಮ ಮನೆಯ ನೆಲಮಾಳಿಗೆಯ ಉತ್ತರದ ಮೂಲೆಯಲ್ಲಿ.

ಇನ್ನು ಮರ. ಊರಿನಲ್ಲಿ ಆಚಾರರು ಹಸಿ ಮರಕ್ಕೆ ಉಳಿ ಹಚ್ಚುತ್ತಿರಲಿಲ್ಲ. ಒಂದು ಮಳೆಗಾಲವಾದರೂ ಮೈಮೇಲೆ ಹೋಗಲಿ ಎನ್ನುತ್ತಿದ್ದರು. ಪೀಪಾಯಿ ಮಾಡುವವರ ನ್ಯಾಯವೂ ಅದೇ. ಬಯಲಿನಲ್ಲಿ ಪೇರಿಸಿದ ಹಲಗೆಯ ಒಗರನ್ನು ಮಳೆ ತೊಳೆಯುತ್ತದೆ, ಉಳಿದದ್ದನ್ನು ಬೂಷ್ಟು ತಿಂದು ಮೆದುಗೊಳಿಸುತ್ತದೆ. ಪರಿಚಯದವರ ಮೂಲಕ ಪೀಪಾಯಿ ಹಲಗೆಯ ತುಂಡುಗಳ ಒಂದು ಪೆಟ್ಟಿಗೆ ಸಿಕ್ಕಿತು, ಇಪ್ಪತ್ತು ಡಾಲರ್ ಇರಬೇಕು. ಎರಡು ವರ್ಷ ಬಯಲಲ್ಲಿದ್ದ ಮರ ಎಂದು ಕೊಟ್ಟವರು ಹೇಳಿದರು. ನಾನು ಇನ್ನೂ ಒಂದು ವರ್ಷ ಹಿತ್ತಲಿನಲ್ಲಿಟ್ಟೆ. ಈ ಒಂದು ವರ್ಷ ಕಾಯುವ ಬುದ್ಧಿ ನನ್ನ ಸ್ವಂತದ್ದು.

ಹುರಿಯುವುದೇ ಇದರ ಜೀವ. ಸುಡುವುದಲ್ಲ, ಹುರಿಯುವುದು. ಕರಿಕಾಗುವಂತೆ ಸುಟ್ಟ ಹೊಸ ಓಕ್‌ನಲ್ಲಿದ್ದೇ ಬರ್ಬನ್ ಬರ್ಬನ್ ಆಗಿದೆ, ಕಾನೂನೇ ಹಾಗಿದೆ. ಇದ್ದಿಲಿನ ಕೆಲಸ ಅಲ್ಲಿಗೆ ಮುಗಿದಿದೆ. ಎರಡನೆಯ ಮರಕ್ಕೂ ಬೆಂಕಿ ಹಿಡಿಸಿ ಕಪ್ಪು ಮಾಡುವವರನ್ನು ನಾನು ಒಪ್ಪುವುದಿಲ್ಲ. ಕಡ್ಡಿಗಳನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಓವನ್ನಿನಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಎರಡೂಕಾಲು ಗಂಟೆ ಇಡುತ್ತೇನೆ. ಮೊದಲ ಅರ್ಧ ಗಂಟೆ ನೆನೆದ ಕಟ್ಟಿಗೆಯ ವಾಸನೆ. ಒಂದು ಗಂಟೆಗೆ ಬ್ರೆಡ್ಡು ಬೆಂದ ಪರಿಮಳ. ಆಮೇಲೆ, ಒಂದೂಮುಕ್ಕಾಲು ಗಂಟೆಯ ಹೊತ್ತಿಗೆ, ಅಡುಗೆಮನೆಯೆಲ್ಲ ಬೆಲ್ಲದ ಪಾಕ ಎಳೆಗಟ್ಟುವಾಗಿನ ವಾಸನೆ. ಮರದ ನಾರಿನಲ್ಲಿರುವ ಹೆಮಿಸೆಲ್ಯುಲೋಸ್ ಸಕ್ಕರೆಯಾಗಿ ಒಡೆದು ಕಂದುವುದು ಅದು. ಮರಕ್ಕೆ ಗಡಸು ಕೊಡುವ ಲಿಗ್ನಿನ್, ವೆನಿಲ್ಲಾ ಪರಿಮಳದ ವೆನಿಲ್ಲಿನ್ ಆಗುವುದೂ ಇದೇ ಹೊತ್ತಿಗೆ. ಪ್ರತಿ ಸಲ ಒಂದು ಕಡ್ಡಿಯನ್ನು ಬಲಿಕೊಟ್ಟು ಸೀಳುತ್ತೇನೆ. ಹೊರಮೈ ಹುರಿದ ಕಾಫಿ ಬೀಜದ ಬಣ್ಣ, ಎರಡು ಮಿಲಿಮೀಟರ್ ಒಳಗೆ ಜೇನು, ನಡುವಿನ ತಿರುಳು ಹುರಿಗಡಲೆಯ ಬಣ್ಣ. ಈ ಮೂರು ಪಟ್ಟೆ ಸ್ಪಷ್ಟವಾಗಿ ಕಂಡರೆ ಮಾತ್ರ ಆ ಕಂತು ಜಾಡಿಗೆ ಹೋಗುತ್ತದೆ. ನಡುವೆ ಬೆಳ್ಳಗೆ ಉಳಿದಿದ್ದರೆ ಒಲೆಗೆ ಹೋಗುತ್ತದೆ.

ಅಳತೆ ಹೇಳುತ್ತೇನೆ. ಒಂದು 750 ಮಿಲಿಲೀಟರ್ ಬಾಟಲಿಗೆ ಕಿರುಬೆರಳಿನಷ್ಟು ದಪ್ಪದ, ಎಂಟು ಸೆಂಟಿಮೀಟರಿನ ಒಂದೇ ಕಡ್ಡಿ. ಎರಡು ಬೇಡ. ಬರ್ಬನ್ನಿನಲ್ಲಿ ಮದ್ಯಸಾರ 57-58 ಶೇಕಡಾ ಇದ್ದರೆ ನನಗೆ ಚೆನ್ನಾಗಿ ಕೂಡಿಬಂದಿದೆ. ನೀರು ಹೆಚ್ಚಿದಷ್ಟೂ ಒಗರು ಬೇಗ ಇಳಿಯುತ್ತದೆ. ಪೀಪಾಯಿಯಲ್ಲಿ ಮದ್ಯಕ್ಕೆ ತಗಲುವುದು ಹಲಗೆಯ ಮೈ ಮಾತ್ರ, ಕಡ್ಡಿಯಲ್ಲಾದರೆ ಎಳೆ ಕತ್ತರಿಸಿದ ಎರಡು ತುದಿಗಳೂ ಬಾಯಿ ತೆರೆದು ಕುಳಿತಿರುತ್ತವೆ. ಜಾಡಿಯ ಪ್ರಯೋಗ ಹಾಳಾಗುವುದೇ ಅಲ್ಲಿಂದ. ಆ ತುದಿಗಳಿಗೆ ನಾನು ಏನು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹನ್ನೊಂದು ಜಾಡಿ ಕೆಡಿಸಿ ಕಲಿತದ್ದು ಅದು.

ಐದು ವಾರಕ್ಕೆ ಕಡ್ಡಿ ಹೊರಗೆ. ರುಚಿ "ಇನ್ನೊಂದು ವಾರ ಇರಲಿ" ಎನ್ನುವಾಗಲೇ ತೆಗೆಯಬೇಕು. ಆಮೇಲೆ ಮರವಿಲ್ಲದೆ ಎರಡು ತಿಂಗಳು, ಜಾಡಿ ಮುಕ್ಕಾಲು ಮಾತ್ರ ತುಂಬಿರಬೇಕು, ವಾರಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಕೊಡಬೇಕು. ಬಹಳ ಜನ ಕಡ್ಡಿ ತೆಗೆದ ದಿನವೇ ಕುಡಿದು "ಮರದ ಪುಡಿ" ಎಂದು ಕೈಬಿಡುತ್ತಾರೆ. ಅಂದು ನನ್ನದೂ ಹಾಗೇ ಇರುತ್ತದೆ. ಮೂರನೆಯ ವಾರ ತೆಂಗಿನಕಾಯಿಯ ಎಣ್ಣೆಯಂಥ ಪರಿಮಳ ಮೇಲೇಳುತ್ತದೆ, ಎಂಟನೆಯ ವಾರಕ್ಕೆ ಅದು ಹಿಂದೆ ಸರಿದು ಬೆಲ್ಲವೂ ಲವಂಗವೂ ಒಂದಾಗುತ್ತವೆ.

ನಡುವೆ ಅಡ್ಡದಾರಿಗಳನ್ನೂ ಹಿಡಿದಿದ್ದೇನೆ. ಬ್ರೆಜಿಲ್‌ನವರು ಕಶಾಸಾ ಎಂಬ ಕಬ್ಬಿನ ಮದ್ಯ ಇಡುವ ಅಂಬುರಾನ ಮರದ ಚೂರು ಹಾಕಿದ್ದೆ. ನಾಲ್ಕನೆಯ ದಿನ ಚಕ್ಕೆ, ವೆನಿಲ್ಲಾ, ಒಣಹುಲ್ಲು, ಎಲ್ಲ ಸೊಗಸು. ಆರನೆಯ ದಿನ ಅದರಲ್ಲಿ ಬರ್ಬನ್ ಎಲ್ಲಿದೆ ಎಂದು ಹುಡುಕಬೇಕಾಯಿತು. ಪೋರ್ಟ್ ವೈನಿನಲ್ಲಿ ತಿಂಗಳು ನೆನೆಸಿದ ಕಡ್ಡಿ ಚೆನ್ನಾಗಿತ್ತು, ಆದರೆ ಏಂಜಲ್ಸ್ ಎನ್ವಿ ಎಂಬ ಬರ್ಬನ್ ಮಾಡುವವರು ಅದನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ, ಕೊಂಡರಾಯಿತು. ಊರಿನಿಂದ ಬಂದ ಹಲಸಿನ ಚೇಗನ್ನೂ ಒಂದು ಸಣ್ಣ ಶೀಶೆಗೆ ಹಾಕಿದೆ. ರಾತ್ರಿ ಕಳೆಯುವುದರೊಳಗೆ ಅರಿಸಿನದ ಬಣ್ಣ ಬಂತು. ಭಿಕ್ಷುಗಳ ಬಟ್ಟೆಗೆ ಬಣ್ಣ ಕೊಡುವ ಮರ ಅದು. ಗೊತ್ತಿಲ್ಲದ ಮರದ ರಸ ಕುಡಿಯಬಾರದೆಂದು ಚೆಲ್ಲಿದೆ, ನೀವೂ ಚೆಲ್ಲಿ.

ಇಷ್ಟರಲ್ಲಿ ಒಂದು ಮಾತು. ಪೀಪಾಯಿಯೊಳಗೆ ಹಲಗೆ ಇಳಿಸುವುದನ್ನು ಕಳ್ಳದಾರಿ ಎನ್ನುವವರಿದ್ದಾರೆ. ಸ್ಕಾಚ್ ವಿಸ್ಕಿ ಬೆರೆಸುವ ಕಂಪಾಸ್ ಬಾಕ್ಸ್‌ನವರು 2005ರಲ್ಲಿ ಸ್ಪೈಸ್ ಟ್ರೀ ವಿಸ್ಕಿಯನ್ನು ಹೀಗೆಯೇ ಮಾಡಿದಾಗ ಸ್ಕಾಚ್ ವಿಸ್ಕಿ ಸಂಘ ತಡೆಯಿತು. 2009ರಲ್ಲಿ ಅವರು ಪೀಪಾಯಿಯ ಎರಡು ಕಡೆಯ ಮುಚ್ಚಳವನ್ನೇ ಫ್ರೆಂಚ್ ಓಕ್‌ನಲ್ಲಿ ಮಾಡಿಸಿ ಅದೇ ವಿಸ್ಕಿಯನ್ನು ಮರಳಿ ತಂದರು. ಮರ ಮುಚ್ಚಳದಲ್ಲಿದ್ದರೆ ಶುದ್ಧ, ಹೊಟ್ಟೆಯಲ್ಲಿದ್ದರೆ ಅಶುದ್ಧ ಎಂಬ ತರ್ಕ ನನಗೆ ಹಿಡಿಸುವುದಿಲ್ಲ.

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ ಸಾವಿರದ ನಾನೂರು ಡಾಲರ್. ಅರ್ಧಕ್ಕರ್ಧ ಚರಂಡಿಗೆ ಹೋಗಿದೆ. ಈಗ ಒಂದು ಬಾಟಲಿಗೆ ಬರ್ಬನ್ನಿಗೆ ಮೂವತ್ತೈದು, ಮರಕ್ಕೆ ಒಂದೆರಡು ಡಾಲರ್. ಈ ಚಳಿಗಾಲಕ್ಕೆ ಎಂಟು ಜಾಡಿಗಳಿವೆ. ಅದರಲ್ಲೊಂದು ಮಂಗಳೂರಿನ ಗೆಳೆಯರದು. ಕಡ್ಡಿಯನ್ನು ಅವರೇ ಹುರಿದದ್ದು, ಮೂರು ಪಟ್ಟೆ ಕಾಣುವವರೆಗೆ ಎರಡು ಕಂತು ಒಲೆಗೆ ಹಾಕಿದ ಮೇಲೆ.