ಹಾಯಿದೋಣಿಗೆ ಎಐಎಸ್ ಕಟ್ಟಿದ ನನ್ನ ಅನುಭವ

"ನಿಮಗೆ ಕಣ್ಣಿಲ್ವಾ ಮಾರಾಯ್ರೆ?" ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ಮೀನುದೋಣಿ ನಡೆಸುವ ತಂಡೇಲರೊಬ್ಬರು ಕೇಳಿದ್ದು. 22 ಅಡಿಯ ಹಾಯಿದೋಣಿಗೆ ಎಐಎಸ್ ಎಂತಕ್ಕೆ ಅಂತ ಎಲ್ಲರಿಗೂ ನಗು. ಎಐಎಸ್ ಅಂದರೆ ಹಡಗುಗಳು ತಮ್ಮ ಹೆಸರು, ಜಾಗ, ವೇಗವನ್ನು ರೇಡಿಯೋದಲ್ಲಿ ಸಾರುವ ವ್ಯವಸ್ಥೆ. ಕಣ್ಣಿದೆ. ಆದರೆ ಪಣಂಬೂರಿನ ದೊಡ್ಡ ಬಂದರಿಗೆ ಬರುವ ಟ್ಯಾಂಕರ್ ಹಡಗು 12 ನಾಟ್‌ನಲ್ಲಿ (ಗಂಟೆಗೆ 12 ನಾಟಿಕಲ್ ಮೈಲಿ) ಐದು ನಿಮಿಷಕ್ಕೊಂದು ಮೈಲಿ ಬರುತ್ತದೆ. ಗಾಳಿ ಬಿದ್ದರೆ ನಾನು ಎರಡು ನಾಟ್‌ನಲ್ಲಿ ತೆವಳುತ್ತಿರುತ್ತೇನೆ.

ಹಡಗು ತೋರಿಸುವ ಫೋನ್ ಆ್ಯಪ್ ಪ್ರಯೋಜನಕ್ಕೆ ಬರಲಿಲ್ಲ. ಮಾಹಿತಿ ಇಂಟರ್ನೆಟ್ ಸುತ್ತಿ ಬರುವಾಗ ಹಡಗು ಎಲ್ಲಿಗೋ ಹೋಗಿರುತ್ತದೆ. ಹಡಗುಗಳನ್ನು ಕೇಳಿಸಿಕೊಂಡು ನಮ್ಮ ಜಾಗವನ್ನೂ ಸಾರುವ ಟ್ರಾನ್ಸ್‌ಪಾಂಡರ್‌ಗೆ ಅಂಗಡಿಯವರು 70 ಸಾವಿರದ ಹತ್ತಿರ ಹೇಳಿದರು. ಬೇಡಪ್ಪಾ ಅಂತ ಸುಮಾರು 3 ಸಾವಿರದ ಎಸ್‌ಡಿಆರ್ ಡಾಂಗಲ್ (ರೇಡಿಯೋ ಸಿಗ್ನಲ್ ಹಿಡಿದು ಕಂಪ್ಯೂಟರಿಗೆ ಕೊಡುವ ಚಿಕ್ಕ ಸಾಧನ) ತಂದೆ. ಜೊತೆಗೆ ಮನೆಯಲ್ಲಿ ಬಿದ್ದಿದ್ದ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಅದರಲ್ಲಿ ಓಪನ್‌ಸಿಪಿಎನ್ ಅನ್ನುವ ಸಮುದ್ರ ನಕ್ಷೆಯ ಸಾಫ್ಟ್‌ವೇರ್. ಇದು ಬರೀ ಕೇಳಿಸಿಕೊಳ್ಳುತ್ತದೆ. ಹಡಗಿನವರ ಪರದೆಯಲ್ಲಿ ನಾನಿಲ್ಲ, ಹಾಗಾಗಿ ತಪ್ಪಿಸಿಕೊಳ್ಳುವುದು ನನ್ನದೇ ಕೆಲಸ.

ಆಂಟೆನಾಕ್ಕೆ ಮನೆ ವೈರಿಂಗ್‌ನ ತಾಮ್ರದ ತಂತಿ, ಎರಡೂ ಕಡೆ 44 ಸೆಂ.ಮೀ., ಪಿವಿಸಿ ಪೈಪಿನೊಳಗೆ. ಸುಮ್ನೆ ಉರ್ವದ ಮನೆಯ ತಾರಸಿಯಲ್ಲಿ ನಿಲ್ಲಿಸಿ ನೋಡಿದೆ, 30 ಮೈಲಿ ಆಚೆಯ ಹಡಗೂ ಸಿಕ್ಕಿತು. ಅದನ್ನೇ ದೋಣಿಯ ಮಾಸ್ಟ್ (ಹಾಯಿಕಂಬ) ತುದಿಗೆ ಏರಿಸಿದರೆ ನಾಲ್ಕೇ ಮೈಲಿ! ಕೇಬಲ್ ಬದಲಿಸಿದೆ, 1,800 ಹೋಯಿತು. ಇನ್ನೊಂದು ಡಾಂಗಲ್ ತಂದೆ. ಅದೇ ಕಥೆ. ಒಂದು ದಿನ ಬ್ಯಾಟರಿಯಿಂದ ಪೈಗೆ ಕರೆಂಟ್ ಕೊಡುತ್ತಿದ್ದ ಚಾರ್ಜರ್ ಸತ್ತಿತು. ಪವರ್‌ಬ್ಯಾಂಕ್ ಸಿಕ್ಕಿಸಿದೆ. ಪರದೆ ತುಂಬ ಹಡಗು! 150 ರೂಪಾಯಿಯ ಆ ಚಾರ್ಜರ್ ಇಷ್ಟು ದಿನ ರೇಡಿಯೋದ ಕಿವಿ ಮುಚ್ಚಿತ್ತು. ಈಗ ಒಳ್ಳೆ ಚಾರ್ಜರ್, ವೈರಿಗೆ ರೇಡಿಯೋ ಗದ್ದಲ ತಡೆಯುವ ಫೆರೈಟ್ ತುಂಡು. ಎಲ್ಲಿ, ಎಷ್ಟು ಸುತ್ತು ಅನ್ನುವುದು ನನ್ನಲ್ಲೇ ಇರಲಿ. 15 ಮೈಲಿ ಆರಾಮ.

ಆಮೇಲೆ ಅಲಾರಂ ಕಾಟ. ಪಣಂಬೂರು ಹೊರಗೆ ಲಂಗರು ಹಾಕಿದ ಹಡಗಿಗೆಲ್ಲ ಅದು ಬೊಬ್ಬೆ ಹೊಡೆಯುತ್ತಿತ್ತು. ನಿಂತ ಹಡಗುಗಳನ್ನು ಅಲಾರಂ ಲೆಕ್ಕದಿಂದ ಬಿಟ್ಟೆ. ಸಿಪಿಎ (ಹಡಗು ನಮಗೆ ಎಷ್ಟು ಹತ್ತಿರ ಬರುತ್ತದೆ ಅನ್ನುವ ಲೆಕ್ಕ) ಅರ್ಧ ಮೈಲಿ, ಟಿಸಿಪಿಎ (ಅಷ್ಟು ಹತ್ತಿರ ಬರಲು ಇರುವ ಸಮಯ) 20 ನಿಮಿಷ ಇಟ್ಟೆ. ಟ್ಯಾಕ್ ಮಾಡುವಾಗ (ಗಾಳಿಗೆ ಎದುರಾಗಿ ದೋಣಿಯ ಮೂತಿ ತಿರುಗಿಸುವಾಗ) ಮಾತ್ರ ಲೆಕ್ಕ ಹುಚ್ಚೆದ್ದು ಕುಣಿಯುತ್ತದೆ, ದೋಣಿ ವೇಗ ಹಿಡಿಯುವವರೆಗೆ ನಂಬಬೇಡಿ.

ಕಳೆದ ಫೆಬ್ರವರಿ, ಮಲ್ಪೆಯಿಂದ ರಾತ್ರಿ ವಾಪಸ್. ಅದೇ ತಂಡೇಲರು ಜೊತೆಗಿದ್ದರು. ಸುರತ್ಕಲ್ ದೀಪಸ್ತಂಭ ಕಾಣಿಸುವಾಗ ಅಲಾರಂ ಕೂಗಿತು. ಸಿಪಿಎ 0.2, ಸಮಯ 19 ನಿಮಿಷ. ಟ್ಯಾಂಕರ್‌ನ ಬೆನ್ನ ಹಿಂದೆ ಹೋಗುವ ಹಾಗೆ ತಿರುಗಿಸಿದೆ. ಸಿಪಿಎ 0.8ಕ್ಕೆ ಏರಿತು. ಅದರ ದೀಪಗಳು ಮುಂದೆ ಹಾದು ಹೋಗುವವರೆಗೆ ತಂಡೇಲರು ಮಾತಾಡಲಿಲ್ಲ. ಆಮೇಲೆ, "ನಾಡದೋಣಿ ಇದರಲ್ಲಿ ಕಾಣುವುದಿಲ್ಲ ಅಲ್ವಾ?" ಅಂದರು. ಇಲ್ಲ. ಅದಕ್ಕೆ ಕಣ್ಣೇ ಬೇಕು.

ದಕ್ಕೆಯಲ್ಲಿ ಇಳಿಯುವಾಗ ಎಷ್ಟಾಯಿತು ಅಂತ ಕೇಳಿದರು. ಮನೆಯಲ್ಲಿ ಹೇಳಿದ್ದನ್ನೇ ಹೇಳಿದೆ, 6 ಸಾವಿರ. ನಿಜವಾಗಿ 11 ದಾಟಿದೆ.